ಚಾಚಾ ಜೋಡಿಸದೆ ಬಿಟ್ಟ ತಂತಿ

ಹಳೆಯ ವಾದ್ಯ ಕೊಳ್ಳುವವರಿಗೆ ನಾನು ಯಾವಾಗಲೂ ಹೇಳುವುದು ಇಷ್ಟೇ: ಹೊರಗಿನ ಪಾಲಿಶ್ ನೋಡಬೇಡಿ, ಮುಚ್ಚಳ ಬಿಚ್ಚಿ ಮೂಸಿ ನೋಡಿ. ಸುಟ್ಟ ವಾಸನೆ ಬಂದರೆ ಪುಕ್ಕಟೆ ಕೊಟ್ಟರೂ ಬೇಡ. ಮೊನ್ನೆ ಹೊನ್ನಾಳಿಯ ನನ್ನ ವಾದ್ಯದಂಗಡಿಯಲ್ಲಿ ನಮ್ಮ ಆರ್ಕೆಸ್ಟ್ರಾದ ಹಳೇ ರಿದಂ ಪೆಟ್ಟಿಗೆಯ ಧೂಳು ತೆಗೆಯಲು ಮುಚ್ಚಳ ಬಿಚ್ಚಿದೆ. ಬೆಸುಗೆಗೆ ಹಚ್ಚುವ ರಾಳದ ವಾಸನೆ ಬಂತು. ಅದರ ಜೊತೆ ಚೂರು ಅತ್ತರು... ಅತ್ತರು ನನ್ನ ಭ್ರಮೆಯೇ ಇರಬೇಕು.

ಪೆಟ್ಟಿಗೆ ರೇಡಿಯೋ ಚಾಚಾ ಅವರದು. ನ್ಯಾಮತಿಯಲ್ಲಿ ರೇಡಿಯೋ, ಟೇಪ್‌ರೆಕಾರ್ಡರ್ ರಿಪೇರಿ ಮಾಡುತ್ತಿದ್ದರು. ಮದುವೆ ಸೀಸನ್ನಿನಲ್ಲಿ ನಮ್ಮ ಜೊತೆ ಬರುತ್ತಿದ್ದರು. ಗುಂಡಿ ಒತ್ತಿದರೆ ಪೆಟ್ಟಿಗೆಯಿಂದ ಡೋಲು, ತಾಳದ ಸದ್ದು ಹೊರಡುತ್ತಿತ್ತು. ಹಾಡಿಗೆ ತಕ್ಕಂತೆ ಅದರ ವೇಗ ಏರಿಸಿ ಇಳಿಸುವುದು ಅವರ ಕೆಲಸ. ಸ್ಟೇಜಿನ ಎಡಮೂಲೆಯಲ್ಲಿ ಒಂದು ಸ್ಟೂಲು, ಇಸ್ತ್ರಿ ಮಾಡಿದ ಬಿಳಿ ಶರಟು, ಅದಕ್ಕೆ ಚೂರು ಅತ್ತರು. ರೇಡಿಯೋ ರಿಪೇರಿಗೆ ಯಾರೂ ಬಾರದ ಕಾಲ ಅದು. ಆ ಸ್ಟೂಲಿನ ಮೇಲೆ ಕೂತಾಗ ಮಾತ್ರ ಜನ ಅವರನ್ನು ತಲೆಯೆತ್ತಿ ನೋಡುತ್ತಿದ್ದರು.

ಅಷ್ಟರಲ್ಲಿ ನಾನೊಂದು ಹೊಸ ಕೀಬೋರ್ಡ್ ಚೌಕಾಸಿ ಮಾಡಿ ತಂದೆ. ರಿದಂ ಅದರೊಳಗೇ ಇತ್ತು. ಇನ್ನು ಬರುವುದು ಬೇಡ ಎಂದು ಹೇಳಲು ನಾನೇ ನ್ಯಾಮತಿಗೆ ಹೋದೆ. ಚಾಚಾ ಚಹಾ ತರಿಸಿ, ಎಲ್ಲ ಕೇಳಿಸಿಕೊಂಡರು.

"ಅದ್ರಾಗೆ ಡೋಲು ಹೆಂಗೆ ಬರ್ತೈತೆ?"

"ಚೆನ್ನಾಗೇ ಬರ್ತೈತೆ ಚಾಚಾ."

"ಸುಳ್ಳು ಹೇಳಬ್ಯಾಡ್ರಿ ಯಜಮಾನ್ರೆ. ತಗಡು ಬಡಿದಂಗೆ ಬರ್ತೈತೆ."

ನಿಜವೇ ಆಗಿತ್ತು. ಆಮೇಲೆ ಅವರೇ ಷರತ್ತು ಹಾಕಿದರು. "ನನ್ನ ಪೆಟ್ಟಿಗೆ ನಿಮ್ಮ ಕೀಬೋರ್ಡಿನ ಮಾತು ಕೇಳಿದ್ರೆ ನಾನು ಇರ್ತೀನಿ. ಕೇಳ್ಲಿಲ್ಲ ಅಂದ್ರೆ ನಾನೇ ಬರಾದು ಬಿಡ್ತೀನಿ. ಎಂಟು ದಿನ ಕೊಡ್ರಿ."

ಈಗಿನ ವಾದ್ಯಗಳು ಒಂದಕ್ಕೊಂದು ಮಿಡಿ ಎನ್ನುವ ಸಂಕೇತದಲ್ಲಿ ಮಾತಾಡಿಕೊಳ್ಳುತ್ತವೆ. ಚಾಚಾ ಅವರ ಪೆಟ್ಟಿಗೆ ಅದಕ್ಕಿಂತ ಹಿಂದಿನದು. ಅದಕ್ಕೆ ತಿಳಿಯುತ್ತಿದ್ದದ್ದು ತಂತಿಯಲ್ಲಿ ಬರುವ ಕರೆಂಟಿನ ಬಡಿತ ಮಾತ್ರ. ನಡುವೆ ಒಬ್ಬ ದುಭಾಷಿ ಬೇಕು. ಚಾಚಾ ಎಲ್ಲಿಂದಲೋ ಪುಟ್ಟ ಸರ್ಕ್ಯೂಟ್ ತರಿಸಿ, ಸ್ಟೀಲಿನ ಟಿಫನ್ ಡಬ್ಬಿಯೊಳಗೆ ಕೂರಿಸಿ ತಂದರು.

ಚನ್ನಗಿರಿಯಲ್ಲಿ ಒಂದು ಮಧ್ಯಾಹ್ನ ಪ್ರಾಕ್ಟೀಸ್. ಕೀಬೋರ್ಡ್ ನುಡಿಸುತ್ತಿದ್ದವರು ಅಲ್ಲಿನ ಶಾಲೆಯ ಟೀಚರು. ಅವರು ಶುರು ಮಾಡಿದರು. ಡೋಲು ಅರ್ಧ ವೇಗದಲ್ಲಿ ಕಾಲೆಳೆಯುತ್ತಾ ಬಂತು.

"ಚಾಚಾ, ನಿಮ್ಮ ಡೋಲಿಗೆ ಮಂಡಿನೋವು ಐತೇನ್ರೀ?" ಎಂದರು ಟೀಚರು.

ನಾನು ಮನಸ್ಸಿನಲ್ಲೇ ಬೀಳ್ಕೊಡುವ ಮಾತು ಜೋಡಿಸಿಕೊಳ್ಳುತ್ತಿದ್ದೆ. ಚಾಚಾ ನೆಲದ ಮೇಲೆ ಕೂತು ಬೆರಳೆಣಿಸಿದರು. "ಒಂದು ಏಟಿಗೆ ಕೀಬೋರ್ಡು ಇಪ್ಪತ್ನಾಕು ಬಡಿತ ಕೊಡ್ತೈತೆ, ಪೆಟ್ಟಿಗೆ ನಲವತ್ತೆಂಟು ಕೇಳ್ತೈತೆ. ಅರ್ಧ ರೊಟ್ಟಿ ಕೊಟ್ಟು ಪೂರ್ತಿ ಕೆಲ್ಸ ಮಾಡು ಅಂದ್ರೆ ಯಾರು ಮಾಡ್ತಾರ್ರೀ?"

ಡಬ್ಬಿಯೊಳಗೆ ಏನೋ ಬದಲಿಸಿದರು. ಈ ಸಲ ಹಳೇ ಡೋಲು ಹೊಸ ಕೀಬೋರ್ಡಿನ ಹೆಗಲಿಗೆ ಹೆಗಲು ಕೊಟ್ಟು ನಡೆಯಿತು. ಟೀಚರು ಹಾಡನ್ನು ಕೊನೆಯವರೆಗೂ ನುಡಿಸಿದರು.

"ಗುಂಡಿ ಒತ್ತಿ ಶುರು ಮಾಡಾಕೆ ಮಾತ್ರ ಕೈ ಬೇಕು," ಎಂದರು ಚಾಚಾ, ನನ್ನ ಕಡೆ ನೋಡದೆ.

ವ್ಯಾಪಾರದವನು ನಾನು, ನೋಡದೆ ಯಾವುದನ್ನೂ ಒಪ್ಪಿದವನಲ್ಲ. ಅವರು ನಮಾಜಿಗೆ ಹೋದಾಗ ಡಬ್ಬಿ ಬಿಚ್ಚಿದೆ. ಬಡಿತ ಒಯ್ಯುವ ತಂತಿಯ ಪಕ್ಕ ಇನ್ನೊಂದು ತಂತಿ. ಶುರು, ನಿಲ್ಲು ಎನ್ನುವ ಅಪ್ಪಣೆ ಒಯ್ಯುವಂಥದು. ಅದರ ತುದಿಯನ್ನು ಎಲ್ಲಿಗೂ ಬೆಸೆಯದೆ, ಮಡಿಚಿ ಟೇಪು ಸುತ್ತಿದ್ದರು. ಅದನ್ನು ಜೋಡಿಸಿದ್ದರೆ ಯಾರ ಕೈಯೂ ಬೇಕಿರಲಿಲ್ಲ. ಟೇಪು ಬಿಚ್ಚಿ ನೋಡಿ, ಮತ್ತೆ ಸುತ್ತಿಟ್ಟೆ. ಎದುರಿನವರ ಆಟ ಗೊತ್ತಾಗಿಯೂ ನಾನು ಬಾಯಿ ಬಿಡದೆ ಇದ್ದದ್ದು ಅದೊಂದೇ ಸಲ.

ನಾಲ್ಕು ವರ್ಷ ಹಾಗೇ ನಡೆಯಿತು. ಪ್ರತಿ ಹಾಡಿಗೂ ಟೀಚರು ತಲೆಯಾಡಿಸುವುದು, ಚಾಚಾ ಗುಂಡಿ ಒತ್ತುವುದು.

ಬರಬರುತ್ತಾ ಅವರ ಕೈ ನಡುಗತೊಡಗಿತು. ಜಗಳೂರಿನ ಒಂದು ರಿಸೆಪ್ಷನ್ನಿನಲ್ಲಿ ಬೆರಳು ತಡವಾಗಿ, ಹಾಡು ಮುಂದೆ, ಡೋಲು ಹಿಂದೆ ಆಯಿತು. ಮದುಮಗಳೇ ತಿರುಗಿ ನೋಡಿದಳು. ವಾರ ಕಳೆದು ಚಾಚಾ ಬೆಸುಗೆ ಕಡ್ಡಿ ಹಿಡಿದು ನನ್ನ ಅಂಗಡಿಗೆ ಬಂದರು. ಡಬ್ಬಿಯೊಳಗಿನ ಟೇಪು ಬಿಚ್ಚಿ, ಒಂದು ಕೈಯನ್ನು ಇನ್ನೊಂದರಿಂದ ಹಿಡಿದುಕೊಂಡು, ಆ ತಂತಿ ಬೆಸೆದರು.

"ನಿಮಗೆ ಗೊತ್ತಿತ್ತಲ್ರೀ ಯಜಮಾನ್ರೆ. ನಾನು ಟೇಪು ಬಲಕ್ಕೆ ಸುತ್ತೋನು. ನೀವು ಎಡಕ್ಕೆ ಸುತ್ತಿದ್ರಿ."

"ನೀವು ಬರ್ರಿ ಚಾಚಾ. ಸ್ಟೂಲು ಅಲ್ಲೇ ಇರ್ತೈತೆ," ಎಂದೆ.

"ಕೆಲ್ಸ ಇಲ್ದೆ ಕೂರಾಕೆ ನಾನೇನು ಬೀಗ್ರೇನ್ರೀ?" ಎಂದು ನಕ್ಕರು. ಪೆಟ್ಟಿಗೆ ನನ್ನಲ್ಲೇ ಬಿಟ್ಟು ನ್ಯಾಮತಿ ಬಸ್ಸು ಹತ್ತಿದರು. ಮರುವರ್ಷ ರಂಜಾನಿಗೆ ಮುಂಚೆಯೇ ಹೋಗಿಬಿಟ್ಟರು...

ಈಗ ಟೀಚರು ಕೀಬೋರ್ಡಿನ ಗುಂಡಿ ಒತ್ತಿದರೆ ಎರಡೂ ಒಟ್ಟಿಗೆ ಹೊರಡುತ್ತವೆ. ಕೂದಲೆಳೆಯಷ್ಟೂ ತಡವಿಲ್ಲ. ಅಷ್ಟು ಸರಿಯಾಗಿರುವುದು ನನಗೆ ಇನ್ನೂ ರೂಢಿಯಾಗಿಲ್ಲ.