‘ಇದೂ ಮಾತಾಡುತ್ತೆ’ ಅಂದಿದ್ದೆ

ಶಿವಾನಂದನಿಗೆ ನಾನು ಸುಳ್ಳು ಹೇಳಿದೆ. ಕಣ್ಣು ಕಾಣದ ಅವನ ಮುಂದೆ, ಕಣ್ಣಿದ್ದವರಷ್ಟೇ ನಡೆಸಬಲ್ಲ ಒಂದು ಸಾಫ್ಟ್‌ವೇರ್ ತಂದಿಟ್ಟು, ‘ಇದೂ ಮಾತಾಡುತ್ತೆ’ ಅಂದೆ. ಮಾತಾಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಪರೀಕ್ಷೆ ಮಾಡಿ, ಖಚಿತವಾದ ಮೇಲೆ ಹೇಳಿದ ಸುಳ್ಳು ಅದು.

ನಾನು ಭಾವಗೀತೆ ಹಾಡುವವಳು. ಬೆಂಗಳೂರಿನ ಗಿರಿನಗರದ ನಮ್ಮ ಮನೆಯ ಮಹಡಿ ಕೋಣೆಯ ಗೋಡೆಗಳಿಗೆ ದಪ್ಪ ಕಂಬಳಿ ಬಡಿದು ಒಂದು ಪುಟ್ಟ ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದೆ. ಶಿವಾನಂದ ಗದಗದ ಕಡೆಯವನು, ಹೆಂಡತಿಯೊಂದಿಗೆ ಬಿಟಿಎಂ ಬಡಾವಣೆಯಲ್ಲಿ ಬಾಡಿಗೆಗಿದ್ದ. ನನಗೆ ತಬಲಾ ನುಡಿಸಲು ಬಂದವನು ಒಂದು ದಿನ ಕೇಳಿದ, “ಅಕ್ಕಾರ, ಆ ಕಂಪ್ಯೂಟರ್ ಮುಂದ ನಾ ಒಮ್ಮಿ ಕೂಡ್ಲೇನ್ರಿ?”

ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ವ್ಯವಸ್ಥೆಯನ್ನು ಅವನೇ ಅದರಲ್ಲಿ ಹಾಕಿಕೊಂಡ. ನಮ್ಮ ಹಳೆಯ ಸಾಫ್ಟ್‌ವೇರಿನ ಒಂದೊಂದು ಗುಂಡಿಯ ಹೆಸರನ್ನೂ ಆ ಯಂತ್ರದ ದನಿ ಅವನ ಕಿವಿಗೆ ಹೇಳುತ್ತಿತ್ತು — ನಮಗೆ ಒಂದಕ್ಷರ ತಿಳಿಯದಷ್ಟು ವೇಗವಾಗಿ. ನನ್ನ ದನಿ ಒಂದು ಟ್ರ್ಯಾಕು, ತಬಲಾ ಒಂದು, ಕೊಳಲು ಇನ್ನೊಂದು. ಅವನ್ನೆಲ್ಲ ಅವನು ಹೊಂದಿಸಿ ಕೂರಿಸಿದರೆ ಹಾಡಿಗೆ ಉಸಿರು ಬರುತ್ತಿತ್ತು. ಇದರಲ್ಲಿ ಉತ್ಪ್ರೇಕ್ಷೆಯಿಲ್ಲ.

ಕ್ರಮೇಣ ರೆಕಾರ್ಡಿಂಗಿಗೆಂದು ಬೇರೆ ಹಾಡುಗಾರರಿಂದಲೂ ಫೋನುಗಳು ಬರತೊಡಗಿದವು. “ಮೇಡಂ, ಶಿವಾನಂದ್ ಅವ್ರು ಯಾವತ್ತು ಇರ್ತಾರೆ? ಅವತ್ತೇ ಬರ್ತೀವಿ.” ನನ್ನ ಮನೆ, ನನ್ನ ಕೋಣೆ — ನಾನು ಮಾತ್ರ ಬಂದವರಿಗೆ ಕಾಫಿ ಕೊಡುವವಳು. ಹಾಗೆ ಯಾರೂ ಅನ್ನಲಿಲ್ಲ. ನನಗೆ ನಾನೇ ಅಂದುಕೊಂಡೆ.

ಆಮೇಲೆ ಆ ಮಧ್ಯಾಹ್ನ. ಜಯನಗರದಿಂದ ನನ್ನ ಶಿಷ್ಯೆಯರು, ಅವರ ತಾಯಂದಿರು ಬಂದು ಕೂತಿದ್ದರು. ನಾನು ಹಾಡಿದೆ. ಅವನು ಹೆಡ್‌ಫೋನ್ ತೆಗೆದು ಮೆಲ್ಲಗೆ, “ಅಕ್ಕಾರ, ಆ ಗಾಂಧಾರ ಚೂರು ಇಳದೈತ್ರಿ. ಇನ್ನೊಮ್ಮಿ ಹಾಡ್ರಿ” ಅಂದ. ಇಳಿದಿದ್ದು ನಿಜ. ನಾಲ್ಕು ಸಲ ಹಾಡಿದೆ. ನಾಲ್ಕನೆಯ ಸಲ ಅವನು ಏನೂ ಹೇಳಲಿಲ್ಲ. ಹೇಳದೆ ಬಿಟ್ಟದ್ದು ಎಲ್ಲರಿಗೂ ಕೇಳಿಸಿತು.

ಮುಂದಿನ ತಿಂಗಳು ಕಂಪ್ಯೂಟರ್ ಕೆಟ್ಟಿತು. ಹೊಸದರಲ್ಲಿ ಹಳೆಯ ಸಾಫ್ಟ್‌ವೇರ್ ಓಡಲಿಲ್ಲ. ಎರಡು ಸಾಫ್ಟ್‌ವೇರ್‌ಗಳನ್ನು ಪ್ರಯೋಗಕ್ಕೆ ಹಾಕಿ ನೋಡಿದೆ. ಒಂದು ನೋಡಲು ಸಪ್ಪೆ, ಆದರೆ ಪ್ರತಿಯೊಂದನ್ನೂ ಓದಿ ಹೇಳುತ್ತಿತ್ತು. ಇನ್ನೊಂದು ಬಣ್ಣಬಣ್ಣದ್ದು, ಬಹಳ ಚೆಂದ. ಒಬ್ಬಳೇ ಕೂತು ಓದುವ ದನಿ ಹಾಕಿದೆ. ಯಾವ ಗುಂಡಿಯ ಮೇಲೆ ಹೋದರೂ ಅದು ಒಂದೇ ಮಾತು ಹೇಳಿತು — “ಬಟನ್. ಬಟನ್. ಬಟನ್.”

ನಾನು ಅದನ್ನೇ ಆರಿಸಿದೆ.

“ಎರಡೂ ನೋಡ್ದೆ ಶಿವು. ಇದೂ ಮಾತಾಡುತ್ತೆ. ನೀನು ಸ್ವಲ್ಪ ಕಲ್ತ್ಕೋಬೇಕು ಅಷ್ಟೇ.”

“ನೀವು ನೋಡೀರಂದ್ರ ಮುಗೀತು ಬಿಡ್ರಿ” ಎಂದು ನಕ್ಕ.

ಮೂರು ವಾರ ಬಂದ. ಬನಶಂಕರಿಯಲ್ಲಿ ಬಸ್ಸು ಬದಲಿಸಿ, ಕೋಲು ಊರಿಕೊಂಡು, ದಿನವೂ. ಹನ್ನೊಂದನೆಯ ಬಟನ್ ರೆಕಾರ್ಡಿಂಗು, ಹದಿನಾಲ್ಕನೆಯದು ಅಳಿಸುವುದು ಎಂದು ಎಣಿಸಿ ಬಾಯಿಪಾಠ ಮಾಡಿಕೊಂಡ. ಪರದೆ ಬದಲಾದರೆ ಲೆಕ್ಕವೂ ತಪ್ಪುತ್ತಿತ್ತು. ಒಂದು ಸಲ ಕೊಳಲಿನ ಟ್ರ್ಯಾಕು ಪೂರ್ತಿ ಅಳಿಸಿಹೋಯಿತು. ಮತ್ತೆ ನುಡಿಸಲು ಬಂದ ಕೊಳಲಿನವರ ಮುಂದೆ ಎದ್ದು ನಿಂತು, “ತಪ್ಪಾತ್ರಿ” ಎಂದು ಕೈ ಮುಗಿದ. ಅವರು ಅಷ್ಟರಲ್ಲಿ ಕಿಟಕಿಯ ಬಳಿಗೆ ಸರಿದಿದ್ದರು. ಅವನು ಖಾಲಿ ಬಾಗಿಲಿಗೆ ಕೈ ಮುಗಿಯುತ್ತಿದ್ದ. ನಾನು ನೋಡುತ್ತಿದ್ದೆ — ಆಗಲಾದರೂ ಹೇಳಬಹುದಿತ್ತು.

ಕೊನೆಗೆ ಅವನೇ ಅಂದ, “ನನ್ನ ತಲಿಗೆ ಹತ್ತವಲ್ದರಿ ಅಕ್ಕಾರ. ಬ್ಯಾರೆಯವ್ರನ್ನ ನೋಡ್ಕೊಳ್ರಿ.”

“ನಿನ್ನಿಷ್ಟ” ಅಂದೆ.

ಜಯನಗರದ ಒಂದು ಸ್ಟುಡಿಯೋದವರು ಅವನನ್ನು ಕರೆದರಂತೆ. ‘ಹೊಸಾದು ಕಲಿಯೋ ತಲಿ ನನಗಿಲ್ಲ’ ಎಂದು ಒಲ್ಲೆ ಅಂದನಂತೆ. ಯಾವುದೋ ಕಚೇರಿಯಲ್ಲಿ ಫೋನ್ ತೆಗೆದುಕೊಳ್ಳುವ ಕೆಲಸಕ್ಕೆ ಸೇರಿದ. ತಬಲಾ ಕೂಡ ಮುಟ್ಟುತ್ತಿಲ್ಲ ಎಂದು ಕೊಳಲಿನವರು ಹೇಳಿದಾಗ ನಾನು ‘ಅಯ್ಯೋ ಪಾಪ’ ಅಂದೆ. ಅಂದು ಸುಮ್ಮನಾದೆ. ನಾಲ್ಕು ವರ್ಷ.

ಕಳೆದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ಬಿಟಿಎಂಗೆ ಹೋದೆ. ನನ್ನ ದನಿ ಕೇಳುತ್ತಲೇ, “ಅಕ್ಕಾರ! ಬರ್ರಿ, ಕೂಡ್ರಿ” ಎಂದು ಕುರ್ಚಿಗಾಗಿ ತಡಕಿದ. ಕೂರಲಾಗಲಿಲ್ಲ. ನಿಂತೇ ಎಲ್ಲವನ್ನೂ ಹೇಳಿದೆ — ಗಾಂಧಾರ, ಬಟನ್, ನನ್ನ ಹೊಟ್ಟೆಕಿಚ್ಚು.

ನನಗೆಂದು ತಡಕಿದ ಕುರ್ಚಿಯಲ್ಲಿ ಅವನೇ ಕೂತ. ಆಮೇಲೆ, “ಹಂಗಾರ... ತಪ್ಪು ನನ್ನ ತಲೀದಲ್ಲೇನ್ರಿ?”

“ಅಲ್ಲ ಶಿವು. ಬರೀ ಕಿವೀಲಿ ಕೇಳಿ ನಡೆಸೋಕೆ ಅದು ಯಾರಿಗೂ ಬರ್ತಿರ್ಲಿಲ್ಲ.”

ಅವನು ಅಡುಗೆಮನೆಯ ಕಡೆ ತಿರುಗಿ ಹೆಂಡತಿಯನ್ನು ಕೂಗಿದ. ಗಿರಿಜಾ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು.

“ಇಕಿ ಮುಂದ ಇನ್ನೊಮ್ಮಿ ಹೇಳ್ರಿ ಅಕ್ಕಾರ. ನಾ ದಡ್ಡ ಅಂತ ದಿನಾ ಇಕಿ ಮುಂದ ಅಂದೀನಿ.”

ಅವನಿಗೆ ಹೇಳುವಾಗ ನನ್ನ ಮುಖ ಯಾರಿಗೂ ಕಾಣುತ್ತಿರಲಿಲ್ಲ. ಗಿರಿಜಾ ನನ್ನನ್ನೇ ನೋಡುತ್ತಿದ್ದಳು. ಮೊದಲಿನಿಂದ, ಒಂದನ್ನೂ ಬಿಡದೆ, ಮತ್ತೊಮ್ಮೆ ಹೇಳಿದೆ. ಅವಳು ಬೈಯಲಿಲ್ಲ, ಅಳಲಿಲ್ಲ. ಗಂಡನ ಪಕ್ಕ ಕೂತು ಅವನ ಕೈ ಹಿಡಿದುಕೊಂಡಳು.

ಕ್ಷಮಿಸು ಎಂದು ನಾನು ಕೇಳಲಿಲ್ಲ. ಬಾಗಿಲನ್ನು ನಾನೇ ಎಳೆದುಕೊಂಡು ಮೆಟ್ಟಿಲಿಳಿದೆ.