ಇಟ್ಟಂಗಿ ಬಣ್ಣದ ಕಂಬ

ಎಪ್ಪತ್ತರ ದಶಕದ ಒಂದು ಚಳಿಗಾಲ. ಬೈಲಹೊಂಗಲದ ಪೇಟೆಯ ಅರಿವೆ ಸಾಹುಕಾರರೊಬ್ಬರು ಅಜ್ಜ ಇಟ್ಟಂಗಿಯಲ್ಲಿ ಕಟ್ಟಿಸಿದ ಅಂಗಡಿಯ ಮೇಲೆ ಇನ್ನೊಂದು ಅಂತಸ್ತು ಏರಿಸಲು ಪರವಾನಗಿ ಕೇಳಿದ್ದರು. ಪುರಸಭೆಯಿಂದ ತಪಾಸಣೆಗೆ ಹೋದ ಎಂಜಿನಿಯರ್ ನಾನು. ಸಾಹುಕಾರರು ಹೊರಗೆ ಕಟ್ಟೆಯ ಮೇಲೆ ಗಾದಿ ಹಾಕಿಸಿ, ಮಫ್ಲರ್ ಸುತ್ತಿಕೊಂಡು ಕುಂತಿದ್ದರು. ಒಳಗೆ ಹೆಣ್ಣುಮಕ್ಕಳು ಸೀರೆ ಆರಿಸುತ್ತಿದ್ದರು.

ಅಂಗಡಿಯ ಮುಂಭಾಗದ ಎರಡು ಕಮಾನುಗಳ ನಡುವಿನ ಕಂಬವನ್ನು ತಟ್ಟಿದೆ. ಖಾಲಿ ಡಬ್ಬಿಯಂತೆ ಸದ್ದಾಯಿತು. ತಗಡಿನ ಮೇಲೆ ಒಂದೊಂದೇ ಇಟ್ಟಂಗಿ ಬರೆಸಿದ್ದರು. ಕಲಾವಿದ ಸಂದಿನ ಸುಣ್ಣವನ್ನೂ ಮರೆತಿರಲಿಲ್ಲ.

“ಖರೇ ಕಂಬ ಎಲ್ಲೈತ್ರಿ?” ಎಂದೆ.

“ಶಟರ್ ಕೂಡಸಾಕ ತಗದೇವ್ರಿ. ಬೋಳ ಕಂಡರ ಗಿರಾಕಿ ಅಂಜತಾರಂತ ಇದನ್ನ ನಿಲ್ಲಿಸೇವಿ. ಪೇಂಟರ್ ಛಲೋ ಮಾಡ್ಯಾನ, ಹೌದಲ್ರಿ?”

“ಮತ್ತ ಮ್ಯಾಲಿನ ಗ್ವಾಡಿ ಯಾವುದರ ಮ್ಯಾಲ ನಿಂತೈತಿ?”

“ಅಜ್ಜನ ಪುಣ್ಯಾದ ಮ್ಯಾಲ್ರಿ! ಏನೂ ಆಗೂದಿಲ್ಲ. ಗಟ್ಟಿ ಐತಿ ಅಂತ ಬರದು ಕೊಡ್ರಿ.”

“ಹಂಗಾರ ಒಳಗ ಕುಂತು ಬರೀತೇನಿ, ನೀವೂ ಬರ್ರಿ.”

ಸಾಹುಕಾರರು ಗಾದಿ ಬಿಟ್ಟು ಏಳಲಿಲ್ಲ. “ಬ್ಯಾಡ್ರಿ, ಒಳಗ ಭಾಳ ಶೆಕಿ,” ಎನ್ನುತ್ತ ಮಫ್ಲರನ್ನು ಕಿವಿಯ ಮೇಲೆ ಇನ್ನಷ್ಟು ಬಿಗಿದುಕೊಂಡರು.

ಚೀಲದಲ್ಲಿದ್ದ ಅಳತೆಪಟ್ಟಿ, ತೂಗುಗುಂಡು ಹೊರಗೆ ತೆಗೆಯುವ ಪ್ರಸಂಗವೇ ಬರಲಿಲ್ಲ. ತಪಾಸಣೆಯನ್ನು ಸಾಹುಕಾರರೇ ನನಗಿಂತ ಮೊದಲು ಮುಗಿಸಿದ್ದರು.