ಬೀಗರಿಗೆ ‘ಬರ್ರಿ’ ಅಂದ ತಪ್ಪು

ಅಣ್ಣನ ಮಗಳ ಮದುವೆಗೆ ವರ ಹೆಲಿಕಾಪ್ಟರಿನಲ್ಲಿ ಬರುತ್ತಾನೆಂದು ಕೇಳಿ ನನಗೆ ನಗು ತಡೆಯಲಾಗಲಿಲ್ಲ. ವರನ ಊರು ಹರಪನಹಳ್ಳಿಯಿಂದ ನಮ್ಮ ಹಡಗಲಿಗೆ ಬಸ್ಸು ಹತ್ತಿದರೆ ಒಂದು ನಿದ್ದೆ ಮುಗಿಯುವಷ್ಟರಲ್ಲಿ ಬರಬಹುದು. ಆದರೆ ಬೀಗರಿಗೆ ಆಸೆ, ಅಣ್ಣನಿಗೆ ಹೆಮ್ಮೆ. ನಾನು ಹೈಸ್ಕೂಲಿನ ಪಿ.ಟಿ. ಮೇಷ್ಟ್ರು. ಮೈದಾನದ ಧೂಳಿಗೆ ನೀರು ಹೊಡೆಸಿ, ಹೆಲಿಕಾಪ್ಟರ್ ಇಳಿಯಲು ಸುಣ್ಣದ ಗುರುತು ಬರೆಯುವ ಕೆಲಸ ನನ್ನ ತಲೆಗೆ ಬಿತ್ತು. ಖೋಖೋ ಅಂಕಣ ಬರೆದು ಪಳಗಿದ ಕೈ, ಚೆನ್ನಾಗಿಯೇ ಬರೆದೆ.

ಮದುವೆಯ ದಿನ ಬೆಳಗ್ಗೆ ಹೊಳೆ ಕಡೆಯಿಂದ ಮಂಜು ಏರಿತು. ಮುಹೂರ್ತ ಒಂಬತ್ತೂವರೆಗೆ. ಎಂಟಕ್ಕೆ ಪೈಲಟ್ ಫೋನು ಮಾಡಿದ.

“ಸರ್, ಅಲ್ಲಿ ಮಂಜು ಹೇಗಿದೆ? ಜಾಸ್ತಿ ಇದ್ದರೆ ತಗ್ಗಿ ಹಾರಬೇಕಾಗುತ್ತೆ. ದಾರಿಯ ಗುಡ್ಡದ ಮೇಲೆ ಕರೆಂಟ್ ತಯಾರಿಸೋ ಗಾಳಿ ಫ್ಯಾನುಗಳಿವೆ, ತಂತಿಗಳಿವೆ.”

ಬೀಗರ ಪೈಕಿಯವರು ಏನೇ ಕೇಳಲಿ, ನಮ್ಮ ಬಾಯಿಗೆ ಬರುವುದು ಒಂದೇ ಮಾತು. “ಏನೂ ತೊಂದರಿ ಇಲ್ರಿ, ಬರ್ರಿ” ಎಂದುಬಿಟ್ಟೆ. ಮನೆಯಲ್ಲಿ ಅಕ್ಕಿ ಇಲ್ಲದಿದ್ದರೂ ಊಟಕ್ಕೆ ಏಳ್ರಿ ಅನ್ನುವ ಜನ ನಾವು.

ಫೋನು ಜೇಬಿಗಿಟ್ಟು ತಿರುಗಿದೆ. ಮೈದಾನದ ಆಚೆಯ ನೀರಿನ ಟ್ಯಾಂಕು ಇಲ್ಲ. ನಾನೇ ಬರೆದ ಗುರುತು ಹತ್ತು ಹೆಜ್ಜೆಗೆ ಮಾಯ. ಫೋನು ಮತ್ತೆ ತೆಗೆದೆ. ಪೈಲಟ್‌ಗೆ ಮಾಡಿದೆ, ಎತ್ತಲಿಲ್ಲ. ವರನಿಗೆ ಮಾಡಿದೆ, ಎತ್ತಿದ. ಹಿಂದೆ ಇಂಜಿನ್ನಿನ ಅಬ್ಬರ, ಇನ್ನೇನು ನೆಲ ಬಿಡುವುದರಲ್ಲಿದ್ದರು.

“ಇಳೀರಿ! ಕೆಳಗ ಇಳೀರಿ! ಇಲ್ಲಿ ಏನೂ ಕಾಣವಲ್ದು, ನಾ ಸುಳ್ಳು ಹೇಳೀನಿ!”

ಮೂರು ಸಲ ಕಿರುಚಿದ ಮೇಲೆ ಅವನಿಗೆ ತಿಳಿಯಿತು. ಇಂಜಿನ್ ಆರಿದ್ದು ಫೋನಿನಲ್ಲೇ ಕೇಳಿಸಿತು. ಕಾರಿನಲ್ಲೇ ಬರಲು ಹೇಳಿ, ಚಪ್ಪರಕ್ಕೆ ಹೋಗಿ ಅಣ್ಣನಿಗೆ ನಡೆದದ್ದು ತಿಳಿಸಿದೆ.

“ಲೇ, ಬೀಗರ ಮುಂದ ನನ್ನ ಮಾನ ಕಳದೆಲ್ಲೋ! ಮುಹೂರ್ತ ಹೋತು!” ಎಂದು ಅಣ್ಣ ಚಪ್ಪರದಲ್ಲೇ ಕೂಗಾಡಿದ.

ನಾನೂ ಸಿಟ್ಟಿನವನೇ. “ಮುಹೂರ್ತ ಇನ್ನೊಂದು ಸಿಗತೈತಿ. ಅಳಿಯ ಸಿಗ್ತಾನೇನು?” ಎಂದೆ. ಅಯ್ಯನವರು ಪಂಚಾಂಗ ತಿರುವಿ, ಮಧ್ಯಾಹ್ನದ ಅಭಿಜಿನ್ ಲಗ್ನಕ್ಕೆ ಯಾವ ದೋಷವೂ ಇಲ್ಲವೆಂದರು. ಅಣ್ಣ ಮಾತ್ರ ಆಮೇಲೆ ನನ್ನ ಮುಖ ನೋಡಲಿಲ್ಲ.

ವರನ ಕಡೆಯವರೆಲ್ಲ ಕಾರಿನಲ್ಲಿ ದೀಪ ಹಾಕಿಕೊಂಡು, ನಿಧಾನವಾಗಿ ಹತ್ತೂವರೆಗೆ ಬಂದರು. ಮಧ್ಯಾಹ್ನ ವಧೂವರರ ಮೇಲೆ ಅಕ್ಕಿಕಾಳು ಬಿದ್ದವು. ಅಣ್ಣನ ಮಗಳು ನಗುತ್ತಿದ್ದಳು, ನನಗೆ ಅಷ್ಟೇ ಸಾಕಿತ್ತು.

ಕಡೇ ಪಂಕ್ತಿಯಲ್ಲಿ ನಾವಿಬ್ಬರು ಅಣ್ಣ ತಮ್ಮಂದಿರು ಪಕ್ಕಪಕ್ಕ ಉಣ್ಣಲು ಕೂತಿದ್ದಾಗ ವರನ ತಾಯಿ ಹೋಳಿಗೆ ತಟ್ಟೆ ಹಿಡಿದು ಬಂದರು. ಬೀಗರಿಗೆ ನಾವು ಬಡಿಸಬೇಕೇ ಹೊರತು ಅವರು ನಮಗೆ ಬಡಿಸುವ ಪದ್ಧತಿ ಇಲ್ಲ. “ಯಕ್ಕಾ, ನೀವ್ಯಾಕ್ರಿ?” ಎಂದು ಗಾಬರಿಯಿಂದ ಎದ್ದೆ.

“ಕುಂದರ್ರಿ” ಎಂದರು. “ಕಾರಿನ್ಯಾಗ ಗುಡ್ಡ ಹತ್ತಿದ್ವಿ. ಫ್ಯಾನಿನ ಬುಡ ಕಂಡ್ತು, ರೆಕ್ಕಿ ಕಾಣ್ಲಿಲ್ರಿ. ತಿರುಗೋ ಸಪ್ಪಳ ಅಷ್ಟ ಕೇಳತಿತ್ತು. ನನಗ ಒಬ್ಬನ ಮಗ ಅದಾನ.”

ನನ್ನ ಎಲೆಗೆ ಹೋಳಿಗೆ ಹಾಕಿದರು. ಅಣ್ಣ ತಲೆ ಎತ್ತದೆಯೇ ತುಪ್ಪದ ತಂಬಿಗೆಯನ್ನು ನನ್ನ ಕಡೆ ಸರಿಸಿದ.